ಮನೆಗೊಂದು ರೌಟರ್: ಆಯ್ಕೆ ಮತ್ತು ಪ್ರತಿಷ್ಠಾಪನೆ

ಅಮೆರಿಕದ ಕನ್ನಡ ಕುಟುಂಬ ಹೊಸ ರೌಟರ್ ಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಥ್ಯಾಂಕ್ಸ್‌ಗಿವಿಂಗ್ ಮರುದಿನದ ಸೇಲ್. ಇನ್ನೊಂದು, ಊರಿನಿಂದ ಬಂದ ಅಪ್ಪ-ಅಮ್ಮ. ಸೇಲಿನಲ್ಲಿ ಕೊಂಡದ್ದು ಡಬ್ಬಿ ಒಡೆಸಿಕೊಳ್ಳದೆ ಯುಗಾದಿಯವರೆಗೂ ಗರಾಜಿನಲ್ಲಿ ಕೂತಿರಬಲ್ಲದು. ಅಪ್ಪ-ಅಮ್ಮನ ಸಲುವಾಗಿ ಕೊಳ್ಳುವುದಕ್ಕೆ ಮಾತ್ರ ಆ ಸಾವಕಾಶವಿಲ್ಲ. ಆರು ತಿಂಗಳಿಗೆಂದು ಬಂದವರು ನ್ಯೂಜೆರ್ಸಿಯ ಚಳಿಗೆ ಬಾಗಿಲಾಚೆ ಕಾಲಿಡಲಾರದೆ ಧಾರಾವಾಹಿ ನೋಡುತ್ತಿರುತ್ತಾರೆ. ಸೊಸೆಯ ಪಾಯಸಕ್ಕೆ ಯಾರೋ ಏನನ್ನೋ ಬೆರೆಸುವ ಗಳಿಗೆಗೇ ಸರಿಯಾಗಿ ಪರದೆಯ ನಟ್ಟನಡುವೆ ಚಕ್ರ ತಿರುಗತೊಡಗುತ್ತದೆ. “ಇದಕ್ಕಿಂತ ನಮ್ಮ ತಿಪಟೂರಲ್ಲೇ ಚೆನ್ನಾಗಿ ಬರುತ್ತಪ್ಪ” ಎಂದು ಅಮ್ಮ ಯಾರಿಗೂ ಹೇಳದ ಹಾಗೆ ಹೇಳುತ್ತಾರೆ. ಹಗಲೆಲ್ಲ ದೊಡ್ಡ ಬ್ಯಾಂಕೊಂದರ ನೆಟ್‌ವರ್ಕ್ ಕಾಯುವುದೇ ಕಸುಬಾಗಿರುವ ಮಗನಿಗೆ ಆ ಮಾತು ನೇರವಾಗಿ ನಾಟುತ್ತದೆ.

ಬಹುಪಾಲು ಮನೆಗಳಲ್ಲಿ ರೌಟರಿಗೆ ಏನೂ ಆಗಿರುವುದಿಲ್ಲ. ಅದನ್ನು ಇಟ್ಟ ಜಾಗ ಸರಿಯಿರುವುದಿಲ್ಲ. ಆದರೆ ಜಾಗ ಬದಲಿಸಲು ಮನೆಮಂದಿಯೆಲ್ಲ ಒಪ್ಪಬೇಕು, ಹೊಸದು ಕೊಳ್ಳಲು ಕ್ರೆಡಿಟ್ ಕಾರ್ಡ್ ಒಂದಿದ್ದರೆ ಸಾಕು. ಆದ್ದರಿಂದ ಕೊಳ್ಳುವುದೇ ವಾಡಿಕೆ.

ಕೊಳ್ಳುವ ಮುನ್ನ ಮೋಡೆಮ್ ಬೇರೆ, ರೌಟರ್ ಬೇರೆ ಎಂಬುದು ತಿಳಿದಿರಬೇಕು. ಬೀದಿಯಿಂದ ಬಂದ ಕೇಬಲ್ಲಿನಲ್ಲಿರುವ ಇಂಟರ್ನೆಟ್ಟನ್ನು ಬಿಡಿಸಿ ಕೊಡುವುದು ಮೋಡೆಮ್. ಅದನ್ನು ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಹಂಚುವುದು ರೌಟರ್. ಹೊಸ ರೌಟರ್ ಬಂತಲ್ಲ ಎಂದು ಮೋಡೆಮನ್ನು ಕಿತ್ತು ವಾಪಸ್ ಕೊಟ್ಟು ಬಂದ ಮನೆಗಳಲ್ಲಿ ಅಂದು ಎಲ್ಲರೂ ಬೇಗ ಮಲಗುತ್ತಾರೆ. ಕೇಬಲ್ ಕಂಪನಿಗಳು ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬಿ ಬಾಡಿಗೆಗೆ ಕೊಡುವುದೂ ಉಂಟು. ತಿಂಗಳ ಬಿಲ್ಲಿನಲ್ಲಿ ಹತ್ತು-ಹದಿನೈದು ಡಾಲರು ಸದ್ದಿಲ್ಲದೆ ಸೇರಿರುತ್ತದೆ. ಗ್ರಾಹಕ ಸ್ವಂತ ಉಪಕರಣ ಬಳಸುತ್ತಿದ್ದರೆ ಆ ಬಾಡಿಗೆ ವಸೂಲಿ ಮಾಡುವಂತಿಲ್ಲ ಎಂಬ ಕಾನೂನು ಅಮೆರಿಕದಲ್ಲಿ 2020ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಆದರೂ ಪೆಟ್ಟಿಗೆ ಹಿಂದಿರುಗಿಸಿದ ರಸೀದಿಯನ್ನು ವರ್ಷವಾದರೂ ಜೋಪಾನ ಮಾಡುವುದು ಲೇಸು.

ಅಂಗಡಿಯಲ್ಲಿ ಮೊದಲು ಎದುರಾಗುವುದು ಡಬ್ಬಿಯ ಮೇಲಿನ ಅಂಕಿ. ಎಎಕ್ಸ್ 5400 ಎಂದು ಬರೆದಿದ್ದರೆ 5400 ಮೆಗಾಬಿಟ್ ವೇಗ ಎಂದು ಕೊಳ್ಳುವವರು ತಿಳಿಯಲಿ ಎಂಬುದೇ ಬರೆದವರ ಆಸೆ. ನಿಜವಾಗಿ ಅದು 2.4 ಗಿಗಾಹರ್ಟ್ಸ್ ಬ್ಯಾಂಡಿನ 574ನ್ನೂ 5 ಗಿಗಾಹರ್ಟ್ಸ್ ಬ್ಯಾಂಡಿನ 4804ನ್ನೂ ಕೂಡಿಸಿ, ಬಂದ ಮೊತ್ತವನ್ನು ಸ್ವಲ್ಪ ಮೇಲಕ್ಕೆ ಸರಿಸಿ ಮಾಡಿದ ಲೆಕ್ಕ. ಇಂಥ ರೌಟರಿನೊಂದಿಗೆ ಫೋನು ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯುತ್ತದೆ. ಎರಡು ಆಂಟೆನಾದ ಸಾಧಾರಣ ಫೋನಿಗೆ ಕಾಗದದ ಮೇಲೆ ದಕ್ಕುವುದು ಹೆಚ್ಚೆಂದರೆ 1201. ಗೋಡೆಯಾಚೆ ಹೋದರೆ ಅದರ ಅರ್ಧವೂ ಇಲ್ಲ. ವೈಫೈ 5, 6, 7 ಎಂಬ ಸಂಖ್ಯೆಗಳು ತಲೆಮಾರನ್ನು ಹೇಳುತ್ತವೆ. 2018ರಲ್ಲಿ ಈ ಸರಳ ಹೆಸರುಗಳು ಬರುವ ಮೊದಲು 802.11ಎಸಿ, 802.11ಎಎಕ್ಸ್ ಎಂದೇ ಹೇಳಬೇಕಿತ್ತು. ಮನೆಯ ಫೋನುಗಳೆಲ್ಲ ವೈಫೈ 6ರವಾಗಿದ್ದರೆ 7ರ ರೌಟರ್ ತಂದು ಸಾಧಿಸುವುದು ಹೆಚ್ಚೇನಿಲ್ಲ. ಆದರೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದವರಿಗೆ ಈ ಉತ್ತರ ಸಿಗುವುದಿಲ್ಲ. ಅಲ್ಲಿ ಪ್ರತಿಯೊಬ್ಬರೂ ತಾವು ಕೊಂಡಿದ್ದೇ ಶ್ರೇಷ್ಠ ಎನ್ನುತ್ತಾರೆ, ಒಬ್ಬರು ಕೂಪನ್ ಹಾಕುತ್ತಾರೆ, ಮತ್ತೊಬ್ಬರು ಏಕಾದಶಿಯ ಶುಭಾಶಯ ಹಾಕುತ್ತಾರೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ವೇಗ ಎಷ್ಟು ಬೇಕು? ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಗಳಿಗೆ 15 ಮೆಗಾಬಿಟ್ ಸಾಕು ಎನ್ನುತ್ತದೆ. ಅತ್ತೆಯ ಧಾರಾವಾಹಿ, ಮಾವನ ಕ್ರಿಕೆಟ್ಟು, ಮಗನ ಆಟ, ಗಂಡ-ಹೆಂಡಿರ ಎರಡು ಆಫೀಸ್ ಮೀಟಿಂಗು ಎಲ್ಲ ಒಟ್ಟಿಗೆ ನಡೆದರೂ 100 ಮೆಗಾಬಿಟ್ ದಾಟುವುದು ಕಷ್ಟ. ಮನೆಗಳಲ್ಲಿ ಹಾಕಿಸಿರುವುದು ಮಾತ್ರ ಒಂದು ಗಿಗಾಬಿಟ್. ಇಳಿಕೆಯ ವೇಗ ಹೀಗಿದ್ದರೂ ಕೇಬಲ್ ಸಂಪರ್ಕದಲ್ಲಿ ಏರಿಕೆಯ ವೇಗ, ಅಂದರೆ ಅಪ್‌ಲೋಡ್, ಅನೇಕ ಕಡೆ ಅದರ ಹತ್ತರಲ್ಲೊಂದು ಭಾಗವೂ ಇರುವುದಿಲ್ಲ. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಮೊಮ್ಮಗುವಿನ ಮುಖ ಚೌಕ ಚೌಕವಾಗಿ ಒಡೆಯುವುದು ಎಷ್ಟೋ ಸಲ ಇದರಿಂದಲೇ. ಡಬ್ಬಿಯ ಅಂಕಿಯನ್ನು ಮೂರು ಸಲ ಓದುವವರು ಬಿಲ್ಲಿನಲ್ಲಿರುವ ಈ ಸಣ್ಣ ಅಂಕಿಯನ್ನು ಒಮ್ಮೆಯಾದರೂ ಓದುವುದು ಒಳ್ಳೆಯದು.

ಇನ್ನು ಪ್ರತಿಷ್ಠಾಪನೆ. ಭೌತಶಾಸ್ತ್ರದ ಪ್ರಕಾರ ರೌಟರ್ ಇರಬೇಕಾದದ್ದು ಮನೆಯ ನಡುಮಧ್ಯದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ಬಯಲಲ್ಲಿ. ನೆಟ್ಟಗೆ ನಿಂತ ಆಂಟೆನಾ ಸುತ್ತ ಸಂಕೇತ ಹರಡುವ ಆಕಾರ ಉದ್ದಿನ ವಡೆಯದು. ವಡೆಯ ತೂತಿನಲ್ಲಿ ಆಂಟೆನಾ ನಿಂತಿದೆ ಎಂದುಕೊಳ್ಳಬೇಕು. ಪಕ್ಕಗಳಿಗೆ ಧಾರಾಳ, ನೆತ್ತಿಗೂ ಬುಡಕ್ಕೂ ಬಡತನ. ಮೇಲಿನ ಮಹಡಿಗೂ ಸಂಕೇತ ತಲುಪಬೇಕಾದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಬೇಕು. ಇದನ್ನು ಕಂಡ ಅತ್ತೆಯವರು ಅದು ಮುರಿದಿದೆಯೆಂದು ಮರುದಿನ ಗುಡಿಸುವಾಗ ನೆಟ್ಟಗೆ ಮಾಡುತ್ತಾರೆ.

ವಾಸ್ತವದಲ್ಲಿ ರೌಟರ್ ಇರುವುದು ಕೇಬಲ್ ಒಳಬರುವ ತೂತಿನ ಪಕ್ಕದಲ್ಲಿ. ನ್ಯೂಜೆರ್ಸಿಯ ಮನೆಗಳಲ್ಲಿ ಆ ತೂತು ಅನೇಕ ಸಲ ಬೇಸ್‌ಮೆಂಟಿನ ಮೂಲೆಯಲ್ಲಿರುತ್ತದೆ. ಸುತ್ತ ಕಾಂಕ್ರೀಟು, ತಲೆಯ ಮೇಲೆ ಬಿಸಿಗಾಳಿ ಹಾಯುವ ತಗಡಿನ ಕೊಳವೆ, ಪಕ್ಕದಲ್ಲಿ ನೂರಾರು ಲೀಟರು ನೀರು ತುಂಬಿದ ವಾಟರ್ ಹೀಟರು. ಲೋಹ ಸಂಕೇತವನ್ನು ಹಿಂದಕ್ಕೆ ಅಟ್ಟುತ್ತದೆ, ನೀರು ಕುಡಿದುಬಿಡುತ್ತದೆ, ಕಾಂಕ್ರೀಟು ನಿತ್ರಾಣ ಮಾಡುತ್ತದೆ. ಇವೆಲ್ಲವನ್ನೂ ದಾಟಿ ಎರಡನೇ ಮಹಡಿಯ ಅತಿಥಿ ಕೋಣೆಗೆ ಬರುವಷ್ಟರಲ್ಲಿ ಸಂಕೇತದಲ್ಲಿ ಉಸಿರಿರುವುದಿಲ್ಲ. ಅಪ್ಪ-ಅಮ್ಮನನ್ನು ಉಳಿಸಿರುವುದು ಅದೇ ಕೋಣೆಯಲ್ಲಿ. ಅಮೆರಿಕದ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು. ಅದು ವೈಫೈಗೆ ಅಷ್ಟೇನೂ ತಡೆಯಲ್ಲ. ತಡೆ ಒಡ್ಡುವುದು ಕನ್ನಡ ಕುಟುಂಬ ಆ ಗೋಡೆಗೆ ಆನಿಸಿ ಇಟ್ಟಿರುವ ಸಾಮಾನು: ಪ್ಯಾಂಟ್ರಿಯ ಸ್ಟೀಲ್ ಡಬ್ಬಗಳ ಸಾಲು, ಎರಡನೇ ಫ್ರಿಜ್ಜು, ಆಳೆತ್ತರದ ಕನ್ನಡಿ, ಹಿತ್ತಾಳೆ ದೀಪಗಳು.

ಜಾಗ ಬದಲಿಸುವ ಮಾತೆತ್ತಿದಾಗ ಮನೆಯ ಮಧ್ಯದಲ್ಲಿ ಏನಿದೆ ಎಂಬುದು ಹೊರಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಮೆಟ್ಟಿಲಡಿಯ ಕ್ಲಾಸೆಟ್ಟನ್ನೇ ದೇವರಕೋಣೆ ಮಾಡಿರುತ್ತಾರೆ. ಮನೆಯ ನಟ್ಟನಡುವೆ ಇರುವುದೂ ಅದೇ.

“ದೇವರ ಪಕ್ಕದಲ್ಲಿ ಒಂದು ಸ್ಟೂಲ್ ಹಾಕಿ ಇಟ್ಟರೆ ಎಲ್ಲಾ ಕಡೆ ಬರುತ್ತಮ್ಮ.”

“ಮಡಿ ಇಲ್ಲ, ಮೈಲಿಗೆ ಇಲ್ಲ, ಅದನ್ನ ಆಫ್ ಮಾಡಿ ಆನ್ ಮಾಡೋಕೆ ಹೊತ್ತು ಹೊತ್ತಿಗೂ ಒಳಗೆ ಬರ್ತೀಯಲ್ಲೋ?”

ಈ ಆಕ್ಷೇಪಣೆಗೆ ಯಾವ ಕಂಪನಿಯ ಕೈಪಿಡಿಯಲ್ಲೂ ಉತ್ತರವಿಲ್ಲ. ಲಿವಿಂಗ್ ರೂಮಿನ ಶೋಕೇಸ್ ಮೇಲಿಡೋಣವೆಂದರೆ ಸೊಸೆಗೆ ಒಪ್ಪಿಗೆಯಿಲ್ಲ. ಚನ್ನಪಟ್ಟಣದ ಗೊಂಬೆಗಳ ನಡುವೆ ಎಂಟು ಕಾಲಿನ ಕರಿ ಪೆಟ್ಟಿಗೆ ಮಿಣುಕುತ್ತ ಕೂರುವುದು ಯಾರಿಗೂ ಚೆಂದ ಕಾಣದು, ಅದೂ ದಸರೆಗೆ ಜನ ಬರುವ ಮನೆಯಲ್ಲಿ. ರಾಜಿಯಾಗಿ ಟಿವಿಯ ಹಿಂದೆ ಇಡಲಾಗುತ್ತದೆ. ಟಿವಿಯ ಬೆನ್ನು ತುಂಬ ಲೋಹ. ಇಷ್ಟೆಲ್ಲ ಜಗಳದ ನಂತರ ರೌಟರಿಗೆ ಸಿಕ್ಕುವುದು ಮನೆಯ ಎರಡನೇ ಕೆಟ್ಟ ಜಾಗ.

ಇಲ್ಲಿಗೆ ಮೆಶ್ ಬರುತ್ತದೆ. ಮೆಶ್ ಎಂದರೆ ಒಂದರ ಬದಲು ಎರಡು-ಮೂರು ಪೆಟ್ಟಿಗೆಗಳು ಪರಸ್ಪರ ಮಾತಾಡಿಕೊಂಡು ಮನೆಯೆಲ್ಲ ಒಂದೇ ಹೆಸರಿನಲ್ಲಿ ಸಂಕೇತ ಹಂಚುವ ವ್ಯವಸ್ಥೆ. ಬಿಳಿ ಬಣ್ಣದ, ಆಂಟೆನಾ ಕಾಣದ ಈ ಪೆಟ್ಟಿಗೆಗಳಿಗೆ ಶೋಕೇಸಿನಲ್ಲಿ ಕೂರಲು ಅನುಮತಿ ಸಿಗುತ್ತದೆ. ಅವುಗಳ ಜನಪ್ರಿಯತೆಗೆ ತಂತ್ರಜ್ಞಾನಕ್ಕಿಂತ ಇದೇ ದೊಡ್ಡ ಕಾರಣವಿರಬೇಕು. ಎರಡನೇ ಪೆಟ್ಟಿಗೆಯನ್ನು ಸಂಕೇತವೇ ಬಾರದ ಕೋಣೆಯಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ತನಗೇ ಸಿಗದ್ದನ್ನು ಅದು ಹಂಚುವುದಾದರೂ ಹೇಗೆ? ಅದನ್ನು ಇಡಬೇಕಾದದ್ದು ಅರ್ಧ ದಾರಿಯಲ್ಲಿ, ಮೊದಲನೆಯದರ ಸಂಕೇತ ಇನ್ನೂ ಗಟ್ಟಿಯಾಗಿರುವ ಕಡೆ. ಇದಕ್ಕಿಂತಲೂ ಉತ್ತಮ ಉಪಾಯ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಂದು ಈಥರ್ನೆಟ್ ತಂತಿ ಎಳೆಯುವುದು. ಅದು 100 ಮೀಟರಿನವರೆಗೆ ಸಲೀಸಾಗಿ ಕೆಲಸ ಮಾಡುತ್ತದೆ. ಗೋಡೆ ಕೊರೆಯಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ಹಳೆಯ ಟಿವಿ ಕೇಬಲ್ಲು ಈಗಾಗಲೇ ಕೋಣೆ ಕೋಣೆಗೂ ಬಂದು ಗೋಡೆಯಲ್ಲಿ ನಿರುದ್ಯೋಗಿಯಾಗಿ ಕೂತಿರುತ್ತದೆ. ಎರಡು ತುದಿಗೂ ಮೋಕಾ ಅಡಾಪ್ಟರ್ ಸಿಕ್ಕಿಸಿದರೆ ಅದರ ಮೇಲೇ ಇಂಟರ್ನೆಟ್ ಹರಿಯುತ್ತದೆ. ನೂರಾರು ಡಾಲರಿನ ಮೂರನೇ ಪೆಟ್ಟಿಗೆಗಿಂತ ಈ ತಂತಿ ಮೇಲು. ತಂತಿ ಬಿಟ್ಟು ಆಂಟೆನಾ ಎಣಿಸಿದವರದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಕತೆ.

ಜಾಗ ಗೊತ್ತಾದ ಮೇಲೆ ನಾಮಕರಣ. ವೈಫೈ ಹೆಸರಿಗೆ 32 ಬೈಟುಗಳ ಮಿತಿಯಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಸ್ವರಚಿಹ್ನೆಗೆ ಮೂರು, ಒತ್ತಕ್ಷರ ಬರೆಯಲು ನಡುವೆ ಸೇರುವ ವಿರಾಮಕ್ಕೂ ಮೂರು. ಹೀಗಾಗಿ ಶ್ರೀನಿವಾಸ 27 ಬೈಟಿನಲ್ಲಿ ಆರಾಮಾಗಿ ಹಿಡಿಸುತ್ತಾನೆ. ‘ಶ್ರೀ ಲಕ್ಷ್ಮೀ ನಿಲಯ’ದಲ್ಲಿ ಲಕ್ಷ್ಮಿ ಮುಗಿಯುವಷ್ಟರಲ್ಲೇ 34 ಆಗಿ, ನಿಲಯ ಹೊರಗುಳಿಯುತ್ತದೆ. ನವೆಂಬರಿನ ರಾಜ್ಯೋತ್ಸವದ ಹುರುಪಿನಲ್ಲಿ ಕನ್ನಡ ಹೆಸರಿಡುವವರು ಇದನ್ನು ಗಮನದಲ್ಲಿಡಬೇಕು. ಹೆಸರು ಬದಲಿಸಿದರೆ ಮನೆಯ ಟಿವಿ, ಡೋರ್‌ಬೆಲ್, ಪ್ರಿಂಟರ್ ಎಲ್ಲಕ್ಕೂ ಹೊಸದಾಗಿ ಪರಿಚಯ ಹೇಳಬೇಕಾಗುತ್ತದೆ. ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಹೊಸ ರೌಟರಿಗೂ ಕೊಟ್ಟರೆ ಅವುಗಳಿಗೆ ಯಜಮಾನ ಬದಲಾದದ್ದು ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಡೋರ್‌ಬೆಲ್ಲಿನಂಥ ಅನೇಕ ಸಾಧನಗಳು 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನನ್ನೂ ಅರಿಯವು. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ ಆಸುಪಾಸಿನಲ್ಲಿ. ನಿನ್ನೆಯ ಸಾರು ಬಿಸಿಯಾಗುವಾಗ ಆ ಬ್ಯಾಂಡಿನ ಸಾಧನಗಳು ತಡವರಿಸಿದರೆ ರೌಟರನ್ನು ಬೈಯಬಾರದು.

ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಮಗನ ಹೆಸರಿನ ಮುಂದೆ ಹುಟ್ಟಿದ ವರ್ಷ ಸೇರಿಸಿದರೆ ಅದು ಇಡೀ ಕನ್ನಡ ಕೂಟಕ್ಕೆ ಗೊತ್ತಿರುವ ಗುಟ್ಟು. ಉದ್ದನೆಯ ಪಾಸ್‌ವರ್ಡ್ ಇಟ್ಟವರ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಬಂದ ನಲವತ್ತು ಜನಕ್ಕೂ ಅದನ್ನು ಬಿಡಿಸಿ ಹೇಳುವ ಕೆಲಸ ಯಜಮಾನನ ಪಾಲಿಗೆ ಬಂದು, ಪ್ರಸಾದ ತಣ್ಣಗಾಗುತ್ತದೆ. ಅತಿಥಿಗಳಿಗೆಂದು ಗೆಸ್ಟ್ ನೆಟ್‌ವರ್ಕ್ ತೆರೆದು, ಅದರ ಕ್ಯೂಆರ್ ಕೋಡನ್ನು ಚಪ್ಪಲಿ ಬಿಡುವ ಜಾಗದಲ್ಲಿ ಅಂಟಿಸುವುದು ಸುಲಭ. ರೌಟರಿನ ಸೆಟ್ಟಿಂಗ್ ತೆರೆಯುವ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಅದಕ್ಕೆ ಬೇಕಾದ ಬೇರೊಂದು ಪಾಸ್‌ವರ್ಡ್ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ. ಭದ್ರತೆಗೆ ಡಬ್ಲ್ಯುಪಿಎ3 ಆರಿಸಬೇಕು. ಹಳೆಯ ಪ್ರಿಂಟರ್ ಮುನಿಸಿಕೊಂಡರೆ ಡಬ್ಲ್ಯುಪಿಎ2ರ ಜೊತೆಗಿನ ಮಿಶ್ರ ಆಯ್ಕೆ. ರಾತ್ರಿ ಹತ್ತಕ್ಕೆ ಮಕ್ಕಳ ಇಂಟರ್ನೆಟ್ ನಿಲ್ಲಿಸುವ ಸೌಲಭ್ಯವೂ ಉಂಟು. ಹನ್ನೆರಡು ವರ್ಷದ ಮಗನೇ ರೌಟರ್ ಸೆಟಪ್ ಮಾಡಿಕೊಟ್ಟ ಮನೆಗಳಲ್ಲಿ ಈ ಸೌಲಭ್ಯ ಅಪ್ಪನ ಫೋನಿಗೆ ಅನ್ವಯಿಸಿರುವ ಸಾಧ್ಯತೆ ಇದೆ.

ಎಲ್ಲ ಸರಿಯಾಯಿತೆಂದು ಪರೀಕ್ಷಿಸುವುದು ಬೆಂಗಳೂರಿಗೆ ಕಾಲ್ ಮಾಡಿ. ಚಳಿಗಾಲದಲ್ಲಿ ನ್ಯೂಜೆರ್ಸಿಯ ರಾತ್ರಿ ಒಂಬತ್ತೆಂದರೆ ಅಲ್ಲಿ ಮರುದಿನ ಬೆಳಗಿನ ಏಳೂವರೆ. ಕುಕ್ಕರ್ ಕೂಗುವ ಹೊತ್ತು. ಎರಡೂ ಕಡೆಯವರು ಒಟ್ಟಿಗೆ “ಹಲೋ” ಎನ್ನುತ್ತಾರೆ, ಒಟ್ಟಿಗೆ ಸುಮ್ಮನಾಗುತ್ತಾರೆ, ಒಟ್ಟಿಗೆ “ನೀವು ಹೇಳಿ” ಎನ್ನುತ್ತಾರೆ. ಇದಕ್ಕೆ ರೌಟರ್ ಹೊಣೆಯಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಓಡುವುದು ಸುಮಾರು ಎರಡು ಲಕ್ಷ ಕಿಲೋಮೀಟರು. ಬೆಂಗಳೂರು ನೇರ ದಾರಿಯಲ್ಲೇ 13,000 ಕಿಲೋಮೀಟರಿಗೂ ದೂರ, ಸಮುದ್ರದಡಿಯ ಕೇಬಲ್ಲು ನೇರ ಬರುವುದೂ ಇಲ್ಲ. ಹೋಗಿ ಬರಲು ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ, ಅದನ್ನು ಕಡಿಮೆ ಮಾಡುವ ರೌಟರ್ ಯಾವ ಸೇಲಿನಲ್ಲೂ ಸಿಗುವುದಿಲ್ಲ.

ಹಳೆಯ ರೌಟರ್ ಎಸೆಯುವ ಪದ್ಧತಿ ಇಲ್ಲ. ಅಪ್ಪ-ಅಮ್ಮ ಹಿಂದಿರುಗುವಾಗ ಸೂಟ್‌ಕೇಸಿನಲ್ಲಿ ಬಾದಾಮಿ ಪೊಟ್ಟಣಗಳ ನಡುವೆ ಅದೂ ಸೇರುತ್ತದೆ. ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಭಾರತದ ಕರೆಂಟಿಗೆ ಹೆದರಬೇಕಿಲ್ಲ. ಪ್ಲಗ್ಗಿಗೆ ಮಾತ್ರ ಕನ್ವರ್ಟರ್ ಬೇಕು. ಆದರೆ ಅಲ್ಲಿನ ಮನೆಗಳು ಇಟ್ಟಿಗೆ, ಕಾಂಕ್ರೀಟಿನವು. ಅಮೆರಿಕದ ಹಲಗೆ ಗೋಡೆಗಳನ್ನು ದಾಟಿದ ರೌಟರು ಅಲ್ಲಿ ಹಾಲಿನಿಂದ ಅಡುಗೆಮನೆಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತದೆ. ಕಳಿಸಲೇಬೇಕೆಂದರೆ ಅದರ ಹಿಂಬದಿಯ ರೀಸೆಟ್ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದು, ಹಳೆಯ ಹೆಸರು-ಪಾಸ್‌ವರ್ಡ್ ಅಳಿಸಿ ಕಳಿಸಿ. ಅಡಾಪ್ಟರನ್ನು ಅದೇ ಪೆಟ್ಟಿಗೆಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಡಿ.