ರಾಯರ ಅಲ್ಪವಿರಾಮ

ಬ್ಯಾಂಕಿನಿಂದ ನಿವೃತ್ತರಾದವರು ಷೇರು ಪೇಟೆಗೋ ಭಜನಾ ಮಂಡಳಿಗೋ ಹೋದರೆ ನೆರೆಹೊರೆಗೆ ತೊಂದರೆಯಿಲ್ಲ. ಸಾಹಿತ್ಯಕ್ಕೆ ಬಂದರೆ ಕಷ್ಟ. ಇಂಥವರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಮೈಸೂರಿನ ನಮ್ಮ ಬೀದಿಗೆ ರಾಯರಿದ್ದಾರೆ. ವಾಚಕರ ಪತ್ರದಿಂದ ಶುರುವಾಗಿ ಈಗ ಲಲಿತ ಪ್ರಬಂಧದವರೆಗೆ ಬಡ್ತಿ ಪಡೆದಿದ್ದಾರೆ. ಕರಡು ತಿದ್ದುವವನೊಬ್ಬ ಪಕ್ಕದ ಮನೆಯಲ್ಲೇ ಸಿಕ್ಕಿದ್ದು ಅವರ ಪೂರ್ವಜನ್ಮದ ಪುಣ್ಯ. ನನ್ನ ಪೂರ್ವಜನ್ಮದ ವಿಚಾರ ಬೇಡ.

ರೂಪಾಯಿಯ ಕಾಮಾದಲ್ಲಿ ರಾಯರನ್ನು ಮೀರಿಸುವವರಿಲ್ಲ. ಬಲಗಡೆಯಿಂದ ಮೂರು ಅಂಕಿಗೊಂದು, ಆಮೇಲೆ ಎರಡೆರಡಕ್ಕೊಂದು. ಹತ್ತು ಲಕ್ಷವೆಂದರೆ 10,00,000. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುವವರಲ್ಲ. ಕಮ್ಮಟವೊಂದರಲ್ಲಿ ಯಾರೋ "ನಿಮ್ಮ ಅಲ್ಪವಿರಾಮ ಸರಿಯಿಲ್ಲ" ಅಂದರಂತೆ, ಸಂಜೆಯೇ ಬಂದು ಕೂತರು.

"ಅಲ್ರೀ, ವಾಕ್ಯದಲ್ಲಿ ಎಷ್ಟು ಪದಕ್ಕೊಂದು ಕಾಮಾ? ನಿಯಮ ಹೇಳಿಬಿಡಿ, ಹಾಕಿಬಿಡ್ತೀನಿ."

ಎಣಿಸಿ ಹಾಕುವುದಲ್ಲ ಎಂದೆ. ಹೆಸರುಗಳು ಸಾಲಾಗಿ ಬಂದಾಗ ನಡುನಡುವೆ ಬೇಕು: ರಾಮ, ಲಕ್ಷ್ಮಣ, ಸೀತೆ. ಅದನ್ನೇ 'ರಾಮನೂ ಲಕ್ಷ್ಮಣನೂ ಸೀತೆಯೂ' ಎಂದರೆ 'ಊ' ಒಂದೇ ಎಲ್ಲ ಕೆಲಸ ಮಾಡಿ ಮುಗಿಸುತ್ತದೆ, ಕಾಮಾಗೆ ಕೊಡುವ ಸಂಬಳ ದಂಡ. ಯಾರನ್ನಾದರೂ ಕರೆದು ಮಾತಾಡಿಸುವಾಗ ಹೆಸರಿನ ಮುಂದೆ ಒಂದಿರಲಿ. ಉಳಿದದ್ದು ಅರ್ಥ ನೋಡಿಕೊಂಡು.

"ಅಂದರೆ, ಮ್ಯಾನೇಜರ ವಿವೇಚನೆಗೆ ಬಿಟ್ಟದ್ದು" ಎಂದು ರಾಯರು ಡೈರಿಯಲ್ಲಿ ಬರೆದುಕೊಂಡರು. ವಿವೇಚನೆ ಕೈಗೆ ಬಂದದ್ದೇ ತಡ, ಕಂಡಕಂಡಲ್ಲಿ ಮಂಜೂರು. "ನಾನು, ಬೆಳಿಗ್ಗೆ, ಎದ್ದು, ಹಲ್ಲುಜ್ಜಿ, ಕಾಫಿ, ಕುಡಿದೆ." ಓದಿದವರಿಗೆ ಲೇಖಕರಿಗೆ ಉಬ್ಬಸವಿರಬೇಕು ಅನ್ನಿಸುತ್ತಿತ್ತು. ಒಂದನ್ನಾದರೂ ತೆಗೆಯೋಣ ಎಂದರೆ ಸಿಡುಕು.

"ಕಾಮಾದ ಬೆಲೆ ಗೊತ್ತೇನ್ರೀ ನಿಮಗೆ?"

ಗೊತ್ತಿತ್ತು, ಆದರೂ ಕೇಳಬೇಕಾಯಿತು. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಯಾವ ಯಾವ ಕೆಲಸಕ್ಕೆ ಇಲ್ಲ ಎಂದು ಹೇಳುವ ಕಾನೂನಿನ ಪಟ್ಟಿ. ಅದರ ಕೊನೆಯಲ್ಲಿ ಒಂದು ಕಾಮಾ ಇರಲಿಲ್ಲ. ಹಾಲಿನ ಕಂಪನಿಯೊಂದರ ಲಾರಿ ಚಾಲಕರು ಅದನ್ನೇ ಗಟ್ಟಿಯಾಗಿ ಹಿಡಿದು 2017ರಲ್ಲಿ ಮೇಲ್ಮನವಿ ಗೆದ್ದರು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ರಾಯರು ಚೀಟಿಯ ಮೇಲೆ 50,00,000 ಎಂದು ಬರೆದು ನನ್ನ ಮೂಗಿಗೆ ಹಿಡಿದರು. ಅಮೆರಿಕದವರು ಅದನ್ನೇ 5,000,000 ಎಂದು ಬರೆಯುತ್ತಾರೆ ಎಂದೆ.

"ಅಷ್ಟು ದುಡ್ಡು ಕೈಗೆ ಬಂದಮೇಲೆ ಕಾಮಾ ಎಲ್ಲಿದ್ದರೇನು?" ಎಂದರು ಅವರ ಮನೆಯಾಕೆ, ಅಡುಗೆಮನೆಯಿಂದ.

ಆಮೇಲೆ ರಾಯರು ಹಳಗನ್ನಡದ ಉಪನ್ಯಾಸವೊಂದಕ್ಕೆ ಹೋಗಿಬಂದರು. ಐದನೇ ಶತಮಾನದ ಹಲ್ಮಿಡಿ ಶಾಸನದಲ್ಲಿ ಕಾಮಾ ಇಲ್ಲ, ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅದಕ್ಕೊಂದು ಸೂತ್ರವಿಲ್ಲ, ಅಚ್ಚಿನ ಮೊಳೆಗಳ ಕಾಲದಲ್ಲಿ ಹೊರಗಿನಿಂದ ಬಂದ ಸರಕು ಅದು ಎಂದು ತಿಳಿದದ್ದೇ, ಮಾರನೆಯ ದಿನ ಎಲ್ಲ ಖಾತೆಗಳನ್ನೂ ಮುಚ್ಚಿದರು. ಈ ನಿಷ್ಕಾಮ ಕಾಲದಲ್ಲೇ ಬಡಾವಣೆ ಸಂಘದ ಫಲಕಕ್ಕೆ ಅವರೊಂದು ಸೂಚನೆ ಬರೆದರು: "ಸೋರುತ್ತಿರುವ ಕಾರ್ಯದರ್ಶಿಗಳ ಮನೆ ಮುಂದಿನ ನಲ್ಲಿಯನ್ನು ಭಾನುವಾರ ದುರಸ್ತಿ ಮಾಡಿಸಲಾಗುವುದು."

ಕಾರ್ಯದರ್ಶಿಗಳಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ಬೀದಿಯೆಲ್ಲ ನಕ್ಕಿತು. 'ಸೋರುತ್ತಿರುವ' ಆದಮೇಲೆ ಒಂದು ಕಾಮಾ ಇದ್ದಿದ್ದರೆ ಅವರ ಮಾನ ಉಳಿಯುತ್ತಿತ್ತು. ಆ ಪದವನ್ನೇ ನಲ್ಲಿಯ ಪಕ್ಕಕ್ಕೆ ಸರಿಸಿದ್ದರೆ ಕಾಮಾವೂ ಬೇಕಿರಲಿಲ್ಲ. ಕನ್ನಡದಲ್ಲಿ ಇಂಥ ತೊಡಕು ಬಹುಪಾಲು ಹೀಗೇ ಬಿಡಿಸಿಕೊಳ್ಳುತ್ತದೆ. ಇದನ್ನು ನಾನು ಹೇಳುವಷ್ಟರಲ್ಲಿ ಕಾರ್ಯದರ್ಶಿಗಳೇ ಕಾಗದ ಕಿತ್ತುಕೊಂಡು ಬಂದರು.

"ಒಂದು ಕಾಮಾ ಹಾಕೋಕೆ ನಿಮ್ಮಪ್ಪನ ಮನೆ ಗಂಟು ಹೋಗ್ತಿತ್ತೇನ್ರೀ?"

ರಾಯರು ಕನ್ನಡಕ ಸರಿಮಾಡಿಕೊಂಡು ಸೂಚನೆಯನ್ನು ಮತ್ತೊಮ್ಮೆ ಓದಿದರು.

"ಕಾಮಾ ಹಾಕಿದರೆ ನೀವು ಸೋರೋದು ನಿಲ್ಲುತ್ತೆ ಸಾರ್. ನಲ್ಲಿ ಸೋರೋದು ನಿಲ್ಲಬೇಕಾದರೆ ಪ್ಲಂಬರೇ ಬರಬೇಕು."