ಮತ್ಸ್ಯ ಗೃಹಪ್ರವೇಶ ಮೀಮಾಂಸೆ

ವಿಷಯ: ರಾಜಾಜಿನಗರದಿಂದ ಕೆಂಗೇರಿಯವರೆಗಿನ ಗೃಹಸ್ಥನು ತನ್ನ ಹಾಲ್‌ನಲ್ಲಿ, ಟಿವಿಯ ಮಗ್ಗುಲಿಗೆ, 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಸ್ಥಾಪಿಸುವುದು. ಪೂರ್ವಾಚಾರ್ಯರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನೇ ಅಗ್ರಗಣ್ಯ. 12ನೇ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಯಾವ ಮೀನಿಗೆ ಯಾವ ತಿನಿಸು ಎಂಬ ವಿವರವಿದೆ. ಆದರೆ ಅಲ್ಲಿ ಉಣಿಸುವುದು ಗಾಳ ಹಾಕಿ ಹಿಡಿಯಲಿಕ್ಕಾದ್ದರಿಂದ ಆ ಗ್ರಂಥ ನಮಗೆ ಅರ್ಧಪ್ರಮಾಣ. 1853ರಲ್ಲಿ ಮೀನಿನ ಮನೆ ತೆರೆದ ಲಂಡನ್ ಮೃಗಾಲಯದವರಿಗೆ ಟ್ಯಾಂಕರ್ ನೀರಿನ ಅನುಭವವಿಲ್ಲ, ಅವರನ್ನೂ ಬಿಟ್ಟೆವು.

ಸಂಶಯ: ತೊಟ್ಟಿ ಬಂದ ದಿನವೇ ಮೀನು ಬಿಡಬೇಕೋ, ಕಾಯಬೇಕೋ?

ಪೂರ್ವಪಕ್ಷ: ಅಂದೇ ಬಿಡಬೇಕು. ಒಂದು, ನೀರು ತಿಳಿಯಾಗಿದೆ. ಎರಡು, ನಾವು ಕುಡಿಯುವ ಕಾವೇರಿ ಮೀನಿಗೇಕೆ ಒಗ್ಗದು? ಮೂರು, ತೊಟ್ಟಿ ಈಶಾನ್ಯದಲ್ಲಿದೆ, ವಾಸ್ತು ಕಾಯುತ್ತದೆ. ನಾಲ್ಕು, ಮಗು ಅಳುತ್ತಿದೆ.

ಖಂಡನೆ: ಕಣ್ಣಿಗೆ ಕಂಡದ್ದಷ್ಟೇ ಉಂಟೆಂಬುದು ಚಾರ್ವಾಕಮತ, ಮೀನನ್ನು ಕೊಲ್ಲುವ ಅಮೋನಿಯಾ ತಿಳಿನೀರಿನಲ್ಲೂ ಕಾಣದಂತೆ ಕೂತಿರುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ ಬರುವ ಕಾವೇರಿಯಲ್ಲಿ ನಮ್ಮನ್ನು ಕಾಯುವ ಕ್ಲೋರಿನ್ನೇ ಮೀನಿನ ಕಿವಿರನ್ನು ಸುಡುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಬೋರ್‌ವೆಲ್ಲಿನದು ಗಡಸು ನೀರು. ಗೀಸರಿಗೆ ಶತ್ರುವಾದರೂ ಗಪ್ಪಿ, ಮಾಲಿಗಳಿಗೆ ಮಿತ್ರ. ವಾಸ್ತುವಿನ ಮಾತು ಸರಿಯಿರಬಹುದು, ಆದರೆ ಅಮೋನಿಯಾಕ್ಕೆ ದಿಕ್ಕು ತಿಳಿಯದು. ನಾಲ್ಕನೆಯ ವಾದವೊಂದೇ ಬಲವಾದದ್ದು. ಅದಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ, ಐಸ್‌ಕ್ರೀಮ್ ಉಂಟು.

ಸಿದ್ಧಾಂತ: ಮೊದಲ ಗೃಹಪ್ರವೇಶ ಮೀನಿನದಲ್ಲ, ಬ್ಯಾಕ್ಟೀರಿಯಾದ್ದು. ಮೀನಿನ ಹೊಲಸು, ಉಳಿದ ಆಹಾರ ಎರಡೂ ಅಮೋನಿಯಾ ಆಗುತ್ತವೆ. ಒಂದು ಪಂಗಡದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಪಂಗಡ ಅದನ್ನು ಸೌಮ್ಯವಾದ ನೈಟ್ರೇಟ್ ಆಗಿಸುತ್ತದೆ. ಫಿಲ್ಟರಿನ ಸ್ಪಂಜು, ತಳದ ಜಲ್ಲಿಗಳಲ್ಲಿ ಇವು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಫಿಲ್ಟರ್ ಓಡಿಸುತ್ತಾ, ಮೀನಿಲ್ಲದ ತೊಟ್ಟಿಗೆ ನಿತ್ಯ ಒಂದು ಚಿಟಿಕೆ ಮೀನಿನ ಆಹಾರ ಹಾಕತಕ್ಕದ್ದು. ‘ಮೀನೇ ಇಲ್ವಲ್ಲೋ, ಯಾರಿಗೋ ಹಾಕ್ತಿದೀಯ?’ ಎಂದು ತಾಯಿ ಆಕ್ಷೇಪಿಸಿಯಾರು. ಕಾಣದ ಪಿತೃಗಳಿಗೆ ವರ್ಷವರ್ಷವೂ ಪಿಂಡವಿಡುವ ಮನೆಯಲ್ಲಿ ಈ ಆಕ್ಷೇಪ ನಿಲ್ಲದು.

ನಿಷೇಧ: ಭಾನುವಾರದ ಉತ್ಸಾಹದಲ್ಲಿ ಸ್ಪಂಜನ್ನು ನಲ್ಲಿಯಡಿ ಹಿಡಿದು ಬೆಳ್ಳಗಾಗುವಂತೆ ಉಜ್ಜುವುದು ಸಕುಟುಂಬ ಸಂಹಾರ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ಉಪಪ್ರಶ್ನೆ: ಸಮುದ್ರದ ಮೀನು ಸಾಕಬಹುದೇ? 57 ಲೀಟರ್ ಹಿಡಿಯುವ ಈ ತೊಟ್ಟಿಗೆ ಲೀಟರಿಗೆ 35 ಗ್ರಾಂನಂತೆ ಸುಮಾರು 2 ಕಿಲೋ ಸಮುದ್ರದುಪ್ಪು ಬೇಕು. ಸಾರಿಗೆ ಹಾಕುವ ಪುಡಿಯುಪ್ಪು ಆಗದು. ಹೊಸಬರಿಗೆ ಸಿಹಿನೀರೇ ವಿಹಿತ. ಕೆಂಗೇರಿಯವರಿಗೊಂದು ವಿಶೇಷ ಸೂಚನೆ: ಹತ್ತಿರದಲ್ಲೇ ನದಿಯಿದೆಯೆಂದು ಬಿಂದಿಗೆ ಹಿಡಿದು ಹೊರಡಬೇಡಿ. ವೃಷಭಾವತಿಯ ಈಗಿನ ನೀರನ್ನು ಯಾವ ಮತದ ಆಚಾರ್ಯರೂ ಮೀನಿಗೆ ಒಪ್ಪಿಲ್ಲ.

ಫಲಶ್ರುತಿ: ಅಂಗಡಿಗೆ ಹೋಗುವ ಮುನ್ನ ಇದನ್ನು ಓದಿದವರಿಗೆ ದೀರ್ಘಾಯುಷಿ ಮೀನುಗಳು ಲಭಿಸುತ್ತವೆ. ಅಂಗಡಿಯಿಂದ ಬಂದ ಮೇಲೆ ಓದಿದವರಿಗೆ ಮುಂದಿನ ವಾರವೇ ಮತ್ತೊಮ್ಮೆ ಅಂಗಡಿಗೆ ಹೋಗುವ ಯೋಗ.