ಕೆಂಪು ಸಾಸ್ ಮೀಮಾಂಸೆ: ಪ್ರಥಮ ಸಂಪುಟ (ದ್ವಿತೀಯ ಸಂಪುಟ ಇರುವುದಿಲ್ಲ)

ನ್ಯೂಜೆರ್ಸಿಯ ಎಡಿಸನ್ ಆಸುಪಾಸಿನ ಉಪನಗರಗಳಲ್ಲಿ, ಡ್ರೈಕ್ಲೀನರ್ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ ಸಿಕ್ಕಿಕೊಂಡಿರುವ 'ಸಾಂಪ್ರದಾಯಿಕ' ಇಟಾಲಿಯನ್ ರೆಸ್ಟೋರೆಂಟಿನ ಬಗ್ಗೆ ನಮ್ಮ ವಿದ್ವಲ್ಲೋಕ ತಳೆದಿರುವ ಮೌನ ಖಂಡನೀಯ. ಹಲ್ಮಿಡಿ ಶಾಸನದ ಕಾಲದ ಬಗ್ಗೆ ಪಂಡಿತರು ಕೈಕೈ ಮಿಲಾಯಿಸುವಷ್ಟು ಚರ್ಚಿಸಿದ್ದಾರೆ. ಮನೆ ಹತ್ತಿರದ ಲ್ಯಾಮಿನೇಟೆಡ್ ಮೆನುವಿನ ಕಾಲನಿರ್ಣಯಕ್ಕೆ ಒಬ್ಬರೂ ಕೈಹಾಕಿಲ್ಲ. ಆ ಕೊರತೆಯನ್ನು ಈ ಪ್ರಬಂಧ ನೀಗಿಸುತ್ತದೆ. ಸಂಶೋಧನಾ ವಿಧಾನ: ಶನಿವಾರ ಸಂಜೆ ಸಂಸಾರ ಸಮೇತ ಹೋಗಿ ತಿನ್ನುವುದು. ಅನುದಾನ: ಸ್ವಂತ ಕ್ರೆಡಿಟ್ ಕಾರ್ಡ್.

ಮೊದಲು ಬಾಹ್ಯ ಪ್ರಮಾಣಗಳು. ಕೆಂಪು-ಬಿಳಿ ಚೌಕುಳಿಯ ಮೇಜುಹಾಸು. ಹುಲ್ಲು ಹೆಣೆದ ಖಾಲಿ ಕಿಯಾಂತಿ ವೈನ್ ಬಾಟಲಿಯ ಕೊರಳಿಗೆ ಸಿಕ್ಕಿಸಿದ ಮೇಣದಬತ್ತಿ. ಗೋಡೆಯ ಮೇಲೆ ವೆಸೂವಿಯಸ್ ಬೆಟ್ಟ, ಪಕ್ಕದಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ. ಈತ 1915ರಲ್ಲಿ ಹುಟ್ಟಿದ್ದು ಇದೇ ನ್ಯೂಜೆರ್ಸಿಯ ಹೊಬೊಕೆನ್ನಿನಲ್ಲಿ. ಅಲ್ಲಿಗೆ ಅಧಿದೇವತೆ ಸ್ಥಳೀಯ, ಬೆಟ್ಟ ಮಾತ್ರ ಆಮದು ಎಂದಾಯಿತು. ಬಾಟಲಿ ಖಾಲಿ ಇರುವುದಕ್ಕೂ ಶಾಸ್ತ್ರಾಧಾರವಿದೆ. ಈ ರಾಜ್ಯದ ಕಾನೂನು ಊರಿನ 3,000 ಜನಕ್ಕೆ ಒಂದರಂತೆ ಮಾತ್ರ ಮದ್ಯ ಬಡಿಸುವ ಲೈಸೆನ್ಸ್ ಕೊಡುತ್ತದೆ. ಹಾಗಾಗಿ ಲೈಸೆನ್ಸಿನ ಬೆಲೆ ಎಷ್ಟೋ ಕಡೆ ಲಕ್ಷಾಂತರ ಡಾಲರ್. ಸಣ್ಣ ಮಾಲೀಕರು 'ನೀವೇ ತನ್ನಿ' ಎಂದು ಕೈಮುಗಿದಿದ್ದಾರೆ. ಭಕ್ತಾದಿಗಳು ಕಂದು ಚೀಲದಲ್ಲಿ ಬಾಟಲಿ ಹಿಡಿದು, ಹಣ್ಣುಕಾಯಿ ತಂದವರ ಗಾಂಭೀರ್ಯದಿಂದ ಒಳಗೆ ಬರುವುದು ಇದಕ್ಕೇ.

ಇನ್ನು ಗ್ರಂಥಸಂಪಾದನೆ. ಮೆನುವಿನಲ್ಲಿ ಪ್ರಕ್ಷಿಪ್ತಗಳು ವಿಪರೀತ. ಸೀಸರ್ ಸಲಾಡಿಗೂ ರೋಮಿನ ಸೀಸರನಿಗೂ ಯಾವ ನಂಟೂ ಇಲ್ಲ. ಅದು 1924ರಲ್ಲಿ ಮೆಕ್ಸಿಕೋದ ತಿಹುವಾನಾದಲ್ಲಿ ಸೀಸರ್ ಕಾರ್ದಿನಿ ಎಂಬ ಹೋಟೆಲಿಗ ಕಲಸಿದ್ದೆಂದು ಪ್ರತೀತಿ. ಫೆಟುಚೀನಿ ಆಲ್ಫ್ರೆಡೋದ ಮೂಲಪಾಠ ರೋಮಿನ ಆಲ್ಫ್ರೆಡೋ ದಿ ಲೆಲಿಯೋನದು: ಬೆಣ್ಣೆ ಮತ್ತು ಚೀಸ್, ಅಷ್ಟೇ. ಕ್ರೀಮ್ ಅಮೆರಿಕದ ಪಾಠಾಂತರ. ಮೀಟ್‌ಬಾಲಿನದೂ ಇಂಥದೇ ಕಥೆ. 1880ರಿಂದ ಮುಂದಿನ ನಾಲ್ಕು ದಶಕಗಳಲ್ಲಿ ಸುಮಾರು 40 ಲಕ್ಷ ಇಟಾಲಿಯನ್ನರು ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣದ ಬಡವರು. ಊರಿನಲ್ಲಿ ಅಪರೂಪವಾಗಿದ್ದ ಮಾಂಸ ಇಲ್ಲಿ ಅಗ್ಗಕ್ಕೆ ಸಿಕ್ಕಿ, ಮೀಟ್‌ಬಾಲ್ ಊದಿಕೊಂಡು ಸ್ಪಗೆಟ್ಟಿಯ ಮೇಲೆ ಏರಿ ಕುಳಿತಿತು. 'ಅಜ್ಜಿಯ ಕೈರುಚಿ' ಎಂದು ಅಚ್ಚಾಗಿರುವ ತಿರಮಿಸು ಕಳೆದ ಶತಮಾನದ ಉತ್ತರಾರ್ಧದ ಕೂಸು. ಕೆಂಪು ಸಾಸಿನ ಟೊಮೆಟೋ ಅಂತೂ 16ನೇ ಶತಮಾನದಲ್ಲಿ ಇದೇ ಅಮೆರಿಕ ಖಂಡದಿಂದ ಯೂರೋಪಿಗೆ ಹೋಗಿ, ಅಲ್ಲಿ ಪೌರತ್ವ ಪಡೆದು, ಇಟಾಲಿಯನ್ ಎಂಬ ಬಿರುದಿನೊಂದಿಗೆ ತವರಿಗೆ ಮರಳಿದೆ. ಆದ್ದರಿಂದ ಸಿದ್ಧಾಂತ: ಸಂಪ್ರದಾಯ ಖರೆ, ಊರು ನ್ಯೂಜೆರ್ಸಿ.

ಈಗ ಪ್ರಬಂಧದ ಹೃದಯಭಾಗ, ಬದನೆಕಾಯಿ. ಸಸ್ಯಾಹಾರಿ ಕನ್ನಡಿಗನಿಗೆ ಈ ಮೆನುವಿನಲ್ಲಿ ಅಭಯಹಸ್ತ ಚಾಚುವುದು ಎಗ್‌ಪ್ಲಾಂಟ್ ಪಾರ್ಮ್, ಅಂದರೆ ಬದನೆ ಪಾರ್ಮಿಜಾನಾ, ಒಂದೇ. (ಹೆಸರಿನಲ್ಲಿರುವ ಎಗ್ಗಿಗೆ ಹೆದರಿ ಎದ್ದುಹೋದ ಅತ್ತೆಯೊಬ್ಬರನ್ನು ಪಾರ್ಕಿಂಗ್ ಲಾಟಿನಿಂದ ವಾಪಸು ಕರೆತಂದದ್ದುಂಟು.) ಬದನೆ ಏಷ್ಯಾದ್ದು, ಅರಬರ ಕೈ ಹಿಡಿದು ಇಟಲಿ ಸೇರಿತು. ಅಲ್ಲಿ ಅದಕ್ಕೆ ಮೊದಮೊದಲು ಮರ್ಯಾದೆ ಇರಲಿಲ್ಲ. ನಲವತ್ತು ವರ್ಷದ ಹಿಂದೆ ಫ್ಲಾರೆನ್ಸ್ ಪೇಟೆಯಲ್ಲಿ ಅದು ಕಾಣುವುದೇ ಅಪರೂಪವಾಗಿತ್ತೆಂದು ಪೆಲ್ಲೆಗ್ರಿನೋ ಆರ್ತೂಸಿ ತನ್ನ ಪಾಕಶಾಸ್ತ್ರದಲ್ಲಿ ಬರೆದ. ಆ ಗ್ರಂಥ ಬಂದದ್ದು 1891ರಲ್ಲಿ. ನಮ್ಮ ಮಟ್ಟುಗುಳ್ಳ ಬದನೆಯನ್ನು ಕೊಟ್ಟವರು ವಾದಿರಾಜರು ಎಂದು ಐತಿಹ್ಯ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡುತ್ತದೆ. ಬದನೆ ಪಾರ್ಮಿಜಾನಾಕ್ಕೆ ಮಾತ್ರ ನೇಪಲ್ಸ್, ಸಿಸಿಲಿ, ಪಾರ್ಮಾ ಮೂರೂ ಹಕ್ಕುದಾರರು. ವ್ಯಾಜ್ಯ ಇನ್ನೂ ನಡೆದಿದೆ.

ಇಲ್ಲೊಂದು ಧರ್ಮಸೂಕ್ಷ್ಮ. ಬದನೆಯ ಮೇಲೆ ಉದುರಿಸುವ ಚೀಸ್ ಅಸಲಿ ಪಾರ್ಮಿಜಾನೋ ರೆಜ್ಜಾನೋ ಆದರೆ, ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸಲೇಬೇಕೆಂದು ನಿಯಮ. ಈ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಂಥಗಳಿವೆ. 'ಕೇಳಿದವನಿಗೆ ಮಾತ್ರ ದೋಷ' ಎಂಬುದು ಬಹುಸಂಖ್ಯಾತರ ಮತ. 'ಕೇಳು, ಬರೀ ಬ್ರೆಡ್ ತಿನ್ನು' ಎಂಬುದು ಅತ್ತೆಯವರ ಮತ. ಲೇಖಕ ಮೊದಲನೆಯ ಪಂಥದ ಅನುಯಾಯಿ. ಆದರೆ ಮನೆಯಲ್ಲಿ ಎರಡನೆಯದನ್ನು ಬೋಧಿಸುತ್ತಾನೆ.

ಬ್ರೆಡ್ ಪುಕ್ಕಟೆ. ಇಟಲಿಯಲ್ಲಾದರೆ ಕುರ್ಚಿಯಲ್ಲಿ ಕೂತ ತಪ್ಪಿಗೇ ಹಲವೆಡೆ ತಲೆಗೆ ಒಂದೆರಡು ಯೂರೋ 'ಕೊಪೆರ್ತೋ' ಬೀಳುತ್ತದೆ. ಇಲ್ಲಿ ಆ ಕಾಟವಿಲ್ಲ; ಕೊನೆಯಲ್ಲಿ ಶೇ. 20 ಟಿಪ್ ಅದನ್ನು ಬಡ್ಡಿ ಸಮೇತ ವಸೂಲು ಮಾಡುತ್ತದೆ. ವೇಟರ್ ಒನಕೆಯಷ್ಟು ಉದ್ದದ ಮೆಣಸು ಗಿರಣಿ ಹಿಡಿದು 'ಸಾಕೆನ್ನುವವರೆಗೆ' ತಿರುಗಿಸುತ್ತಾನೆ. ನಮ್ಮವರಿಗೆ ಸಾಕೆನ್ನುವ ಅಭ್ಯಾಸವಿಲ್ಲದ ಕಾರಣ ಆತನ ತೋಳು ಸೋಲುವುದನ್ನು ಕಣ್ಣಾರೆ ಕಂಡಿದ್ದೇವೆ. ಬಳಿಕವೂ ಒಣಮೆಣಸಿನ ತರಿಯ ಡಬ್ಬಿ ಪಕ್ಕದ ಮೇಜಿನಿಂದ ಎರವಲು ಬರುತ್ತದೆ.

ಮುಂದಿನ ಸಂಶೋಧಕರಲ್ಲಿ ವಿನಂತಿ: ಶನಿವಾರ ಏಳು ಗಂಟೆಗೆ ಹೋಗುವುದಾದರೆ ಮೊದಲೇ ಫೋನ್ ಮಾಡಿ. ಬದನೆಕಾಯಿ ಬರುವ ಮುನ್ನ ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡಿ.